ಗೇರ್ ಮೆತ್ತಗೆ ಬಿದ್ರೆ ಬಾಕ್ಸ್ ಚೆನ್ನಾಗಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಗೊಳ್ಳೋರಿಗೆ ಕೊಟ್ಟಿದ್ದ ಸಲಹೆ ಓದಿದೆ, ಗೇರ್ ಬದಲಾಗಿದ್ದೇ ಗೊತ್ತಾಗದಷ್ಟು ಮೆತ್ತಗಿದ್ರೆ ಬಾಕ್ಸ್ ಆರೋಗ್ಯವಾಗಿದೆ ಅನ್ನೋ ಅರ್ಥ ಬರೋ ಹಂಗಿತ್ತು. ಜರ್ಕ್ ಹೊಡೆಯೋ ಗಾಡಿ ಬಿಟ್ಟುಬಿಡಿ ಅನ್ನೋದು ಸರಿ. ಆದ್ರೆ ತೀರಾ ಮೆತ್ತಗಿರೋದನ್ನೂ ಅನುಮಾನದಿಂದ್ಲೇ ನೋಡ್ಬೇಕು, ಯಾಕೆ ಅಂತ ಗ್ಯಾರೇಜಿನ ಭಾಷೆಲೇ ಹೇಳ್ತೀನಿ.

ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿನ ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸೋ ಭಾಗ) ಇರೋ ಆಟೋಮ್ಯಾಟಿಕ್ ಬಾಕ್ಸಿನ ಒಳಗೆ ಗೇರ್ ಹಿಡಿಯೋಕೆ ಕ್ಲಚ್ ಪ್ಲೇಟುಗಳ ಕೆಲವು ಸೆಟ್ ಇರ್ತವೆ, ಅವನ್ನ ಒತ್ತಿ ಹಿಡಿಯೋದು ಆಯಿಲ್ ಪ್ರೆಶರ್. ಒಂದು ಸೆಟ್ ಬಿಟ್ಟು ಇನ್ನೊಂದು ಸೆಟ್ ಪೂರ್ತಿ ಹಿಡಿಯೋ ತನಕ ಪ್ಲೇಟುಗಳು ಒಂದರ ಮೇಲೊಂದು ಜಾರ್ತಾ ಇರ್ತವೆ, ಏರಿನಲ್ಲಿ ಹಾಫ್ ಕ್ಲಚ್ ಮಾಡ್ಕೊಂಡು ಗಾಡಿ ನಿಲ್ಲಿಸಿಕೊಂಡ ಹಂಗೆ. ಕಂಪನಿಯೋರು ಒಳಗೆ ಅಕ್ಯುಮುಲೇಟರ್ ಅಂತ ಸ್ಪ್ರಿಂಗು ಪಿಸ್ಟನ್ ಇಟ್ಟು ಪ್ರೆಶರ್ ನಿಧಾನಕ್ಕೆ ಏರೋ ಹಂಗೆ ಮಾಡಿರ್ತಾರೆ, ಕೂತಿರೋರಿಗೆ ಗೊತ್ತಾಗಬಾರದು ಅಂತ. ಗಿರಾಕಿಗೂ ಅದೇ ಬೇಕು. ಆದ್ರೆ ಜಾರೋ ಹೊತ್ತು ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ, ಪ್ಲೇಟಿನ ಮೇಲಿನ ಲೈನಿಂಗ್ ಸವೆದು ಆಯಿಲಿಗೆ ಸೇರುತ್ತೆ, ಅದೇ ಆಯಿಲು ವಾಲ್ವ್ ಬಾಡಿ (ಯಾವ ಕ್ಲಚ್ಚಿಗೆ ಯಾವಾಗ ಆಯಿಲ್ ಹೋಗ್ಬೇಕು ಅಂತ ನೋಡ್ಕೊಳ್ಳೋ ವಾಲ್ವುಗಳ ಬ್ಲಾಕು) ಒಳಗೆ ತಿರುಗಿ ವಾಲ್ವುಗಳು ಓಡಾಡೋ ಅಲ್ಯುಮಿನಿಯಂ ತೂತುಗಳನ್ನ ಉಜ್ಜುತ್ತೆ, ಅಲ್ಲಿ ಪ್ರೆಶರ್ ಲೀಕ್, ಲೀಕಾದ್ರೆ ಇನ್ನೂ ಜಾರಾಟ.

ಇದಕ್ಕೇನೆ ಶಿಫ್ಟ್ ಕಿಟ್ ಅಂತ ಒಂದು ಇರೋದು. ವಾಲ್ವ್ ಬಾಡಿ ಬಿಚ್ಚಿ ಸ್ಪ್ರಿಂಗ್ ಬದಲಾಯಿಸ್ತಾರೆ, ಅದರ ಎರಡು ಭಾಗದ ನಡುವಿನ ತಗಡಿನ ಪ್ಲೇಟಿನಲ್ಲಿ ಒಂದೆರಡು ತೂತನ್ನ ಅಳತೆ ನೋಡಿ ದೊಡ್ಡದು ಮಾಡ್ತಾರೆ, ಲೈನ್ ಪ್ರೆಶರ್ (ಬಾಕ್ಸಿನ ಮುಖ್ಯ ಆಯಿಲ್ ಪ್ರೆಶರ್) ಸ್ವಲ್ಪ ಏರಿಸ್ತಾರೆ. ಕ್ಲಚ್ ಬೇಗ ಹಿಡಿಯುತ್ತೆ, ಗೇರ್ ಬಿತ್ತು ಅಂತ ಸೀಟಿಗೆ ಗೊತ್ತಾಗುತ್ತೆ, ಬಾಕ್ಸ್ ಬಾಳಿಕೆನೂ ಬರುತ್ತೆ. ಮದ್ದೂರಿನ ಕಡೆಯ ಒಬ್ಬ ಗಿರಾಕಿ ಕೆಲಸ ಆದ್ಮೇಲೆ ಒಂದು ರೌಂಡ್ ಹೊಡ್ಕೊಂಡ್ ಬಂದು "ಏನಣ್ಣೋ, ಗಾಡಿ ಒದೀತದಲ್ಲಾ" ಅಂದ. ಒದೀತಿಲ್ಲ ಕಣಪ್ಪ, ಹಿಡೀತಿದೆ ಅಂದೆ. ಒಪ್ಪೋಕೆ ಅವನಿಗೆ ಸ್ವಲ್ಪ ಟೈಮ್ ಬೇಕಾಯ್ತು.

ಈಗ ನನ್ನ ತಕರಾರಿಗೆ ಬರ್ತೀನಿ. ಮೈಸೂರಿನ ಹುಡುಗ್ರು ವೀಡಿಯೋ ನೋಡ್ಕೊಂಡು ಬಂದು ಮೊದಲು ಕೇಳೋದೇ ಕಿಟ್ಟು, ಕೆಲವರು ಅಕ್ಯುಮುಲೇಟರನ್ನೇ ಪೂರ್ತಿ ಬ್ಲಾಕ್ ಮಾಡಿಕೊಡಿ ಅಂತಾರೆ. ಹಂಗೆ ಮಾಡಿದ್ರೆ ಕ್ಲಚ್ ಉಳಿಯುತ್ತೆ ಸರಿ, ಆ ಹೊಡೆತ ಎಲ್ಲಿಗೆ ಹೋಗುತ್ತೆ? ಮೌಂಟಿಂಗ್, ಆಕ್ಸಲ್ ಜಾಯಿಂಟು, ಒಳಗಿನ ಶಾಫ್ಟು ಅದನ್ನ ತಿನ್ನಬೇಕು. ಮೊದಲು ನೋಡಬೇಕಾಗಿರೋದು ಆಯಿಲ್ಲು. ಸಂಪ್ (ಬಾಕ್ಸಿನ ತಳದ ಆಯಿಲ್ ತಟ್ಟೆ) ಇಳಿಸಿದ್ರೆ ಒಳಗಿರೋ ಮ್ಯಾಗ್ನೆಟ್ಟೇ ಅರ್ಧ ಕಥೆ ಹೇಳುತ್ತೆ, ನುಣ್ಣಗೆ ಬೂದು ಬಣ್ಣದ ಪೇಸ್ಟ್ ಇದ್ರೆ ಅದು ಮಾಮೂಲಿ ಸವೆತ, ಬೆರಳಿಗೆ ಚೂರು ಸಿಕ್ಕಿದ್ರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೀತಿದ್ರೆ ಯಾವ ಕಿಟ್ಟೂ ಉಳಿಸಲ್ಲ, ಬಾಕ್ಸ್ ಬಿಚ್ಚಿ ಪ್ಲೇಟ್ ಹಾಕಿಸಲೇಬೇಕು. ಸುಟ್ಟ ಕ್ಲಚ್ಚಿಗೆ ಪ್ರೆಶರ್ ಏರಿಸೋದು ದುಡ್ಡು ದಂಡ.

ಆಮೇಲೆ ಬಿಸಿ. ಆಯಿಲ್ 80-90 ಡಿಗ್ರಿ ಆಸುಪಾಸಲ್ಲಿದ್ರೆ ಬಾಕ್ಸ್ ಆರಾಮಾಗಿರುತ್ತೆ, 120 ದಾಟಿ ಓಡ್ತಾನೇ ಇದ್ರೆ ಆಯಿಲ್ ಬೇಗ ಕೆಡುತ್ತೆ, ರಬ್ಬರ್ ಸೀಲುಗಳೂ ಗಟ್ಟಿಯಾಗ್ತವೆ. ದಶಪಥದಲ್ಲಿ ಒಂದೇ ವೇಗದಲ್ಲಿ ಹೋಗ್ತಾ ಇದ್ರೆ ಟಾರ್ಕ್ ಕನ್ವರ್ಟರ್ ಲಾಕ್ ಆಗಿ ಒಳಗಿನ ಜಾರಾಟ ನಿಂತಿರುತ್ತೆ, ಅಲ್ಲಿ ಅಂಥಾ ತೊಂದರೆ ಇಲ್ಲ. ಬಿಸಿ ಏರೋದು ದಸರಾ ಟೈಮಿನ ಸಯ್ಯಾಜಿರಾವ್ ರಸ್ತೆ ಟ್ರಾಫಿಕ್ಕಲ್ಲಿ, ಫ್ಯಾಮಿಲಿ ತುಂಬ್ಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ. ಎಷ್ಟೋ ಗಾಡಿಗಳಲ್ಲಿ ಗೇರ್ ಆಯಿಲ್ ತಂಪಾಗೋ ಕೂಲರ್ ಇರೋದು ರೇಡಿಯೇಟರ್ ಒಳಗೇನೇ, ನಮ್ಮ ಮಂಡ್ಯ ಕಡೆಯೋರು ಅದಕ್ಕೆ ಕೂಲೆಂಟ್ ಬದಲು ಬೋರ್ ನೀರು ಸುರಿದು ಒಳಗೆಲ್ಲಾ ಉಪ್ಪು ಕಟ್ಟಿಸಿರ್ತಾರೆ, ಆಯಿಲ್ ತಂಪಾಗೋದು ಹೆಂಗೆ? ಕಿಟ್ ಹಾಕಿಸೋ ಮುಂಚೆ ಒಂದು ಬೇರೆ ಕೂಲರ್ ರೇಡಿಯೇಟರ್ ಮುಂದೆ ಫಿಟ್ ಮಾಡಿಸಿ. ನನ್ನ ಪ್ರಕಾರ ಅದರಿಂದ ಸಿಗೋ ಬಾಳಿಕೆನೇ ಹೆಚ್ಚು, ಖರ್ಚೂ ಕಮ್ಮಿ.

ಇನ್ನೊಂದು ವಿಷಯ, ಕ್ಲಚ್ ಪೆಡಲ್ ಇಲ್ದೆ ಎರಡೇ ಪೆಡಲ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಶುರುವಾದ ಎಎಂಟಿ ಇದೆಯಲ್ಲ, ಅದು ಮಾಮೂಲಿ ಮ್ಯಾನ್ಯುಯಲ್ ಬಾಕ್ಸೇ, ಕ್ಲಚ್ಚು ಗೇರು ಹಾಕೋಕೆ ಮೆಷಿನ್ ಇಟ್ಟಿದ್ದಾರೆ ಅಷ್ಟೇ. ಸಿವಿಟಿಲಿ ಬೆಲ್ಟು ಪುಲ್ಲಿ, ಬೀಳೋಕೆ ಗೇರೇ ಇಲ್ಲ. ಇವೆರಡಕ್ಕೂ ಈ ಕಿಟ್ಟಿಗೂ ಸಂಬಂಧ ಇಲ್ಲ. ಹೊಸ ಆರು ಸ್ಪೀಡ್ ಬಾಕ್ಸುಗಳಲ್ಲಿ ಪ್ರೆಶರನ್ನ ಸೊಲೆನಾಯ್ಡ್ (ಕರೆಂಟಿಂದ ಕೆಲಸ ಮಾಡೋ ವಾಲ್ವ್) ಮೂಲಕ ಕಂಪ್ಯೂಟರೇ ನೋಡ್ಕೊಳ್ಳುತ್ತೆ, ಸ್ಪ್ರಿಂಗ್ ಬದಲಾಯಿಸಿದ್ರೆ ಅದು ತನ್ನ ಲೆಕ್ಕದಲ್ಲಿ ಮತ್ತೆ ಇಳಿಸೋಕೆ ನೋಡುತ್ತೆ. ಅಲ್ಲಿ ಸವೆದ ತೂತಿಗೆ ಸ್ಲೀವ್ (ಒಳಗೆ ಕೂರೋ ಲೋಹದ ಕೊಳವೆ) ಹಾಕಿ ಹೊಸ ವಾಲ್ವ್ ಕೂರಿಸೋದೇ ಸರಿಯಾದ ರಿಪೇರಿ. ವಾರಂಟಿ ಇರೋ ಗಾಡಿ ಮುಟ್ಟಲೇಬೇಡಿ.

ಕಷ್ಟ ಏನು ಅಂದ್ರೆ ಈ ಕೆಲಸ ಗೊತ್ತಿರೋರು ನಮ್ಮ ಮೈಸೂರು, ಮಂಡ್ಯ ಎರಡೂ ಜಿಲ್ಲೇಲಿ ಕಮ್ಮಿ. ವಾಲ್ವ್ ಬಾಡಿ ಬಿಚ್ಚುವಾಗ ಉದುರೋ ಸಣ್ಣ ಸ್ಟೀಲ್ ಬಾಲ್ ಯಾವ ಗುಂಡಿಲಿತ್ತು ಅಂತ ಫೋಟೋ ಹೊಡ್ಕೊಳ್ದೆ ಬಿಚ್ಚೋ ಹುಡುಗ್ರನ್ನ ನಾನೇ ನೋಡಿದ್ದೀನಿ, ಒಂದು ಬಾಲ್ ತಪ್ಪಿದ್ರೆ ಗೇರೇ ಸರಿಯಾಗಿ ಬೀಳಲ್ಲ. ಹುಡುಗರ ತಪ್ಪೂ ಅಲ್ಲ, ಯಾರೂ ಕಲಿಸಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ನನ್ನ ಹತ್ರ ಕೆಲಸ ಕೇಳ್ಕೊಂಡು ಬರೋರಲ್ಲಿ ಆಟೋಮ್ಯಾಟಿಕ್ ಬಾಕ್ಸನ್ನ ಕೈಯಾರೆ ಬಿಚ್ಚಿದೋರು ಸಿಗೋದೇ ಅಪರೂಪ. ರಸ್ತೇಲಿ ಎರಡು ಪೆಡಲ್ ಗಾಡಿ ದಿನಾ ಜಾಸ್ತಿ ಆಗ್ತಿವೆ, ಒಂದೊಂದು ಕಾಲೇಜಿಗೆ ಒಂದು ಗುಜರಿ ಬಾಕ್ಸ್, ಒಂದು ಪ್ರೆಶರ್ ಗೇಜ್ ಕೊಡಿಸೋಕೆ ಎಷ್ಟು ಖರ್ಚಾಗುತ್ತೆ? ಇದರ ಬಗ್ಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬರೀರಿ. ವಾಹನ ಪುಟದಲ್ಲಿ ಮುಂದಿನ ಸಲ ಸಲಹೆ ಕೊಡುವಾಗ, ಗಾಡಿ ತಗೊಳ್ಳೋ ಮುಂಚೆ ಗೇರ್ ಆಯಿಲ್ ಬಣ್ಣ, ವಾಸನೆ ನೋಡಿ ಅಂತ ಒಂದು ಸಾಲು ಸೇರಿಸಿ.

ಇತಿ,
ಒಬ್ಬ ಮೆಕ್ಯಾನಿಕ್, ಬನ್ನಿಮಂಟಪ, ಮೈಸೂರು