ದಂಡ ಹೆಚ್ಚಿಸುವ ಅರ್ಜಿಗೆ ಸಹಿ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ರಸ್ತೆಗೆ ಕಸ ಎಸೆಯುವವರಿಗೆ ದಂಡ ಜಾಸ್ತಿ ಮಾಡಿ ಅನ್ನುವ ಅರ್ಜಿ ಗುಂಪಿಗೆ ಬಂದಿದೆಯಲ್ಲ, ಅದರ ಬಗ್ಗೆ ಒಂದು ಮಾತು.

ದಂಡದ ಮೊತ್ತ ಬದಲಿಸುವುದು ಪುಕ್ಕಟೆ ಕೆಲಸವಲ್ಲ. ಬೈಲಾ, ಅಂದರೆ ಪಾಲಿಕೆಯ ಉಪನಿಯಮ ತಿದ್ದಬೇಕು, ಕರಡು ಪ್ರಕಟಿಸಿ ಆಕ್ಷೇಪಣೆ ಕೇಳಬೇಕು, ರಾಜ್ಯಪತ್ರದಲ್ಲಿ ಹೊರಡಿಸಬೇಕು. ಆಮೇಲೆ ಹೊಸ ಬೋರ್ಡು, ರಸೀದಿ ಮಷಿನ್‌ಗೆ ಹೊಸ ದರ, ಸಿಬ್ಬಂದಿಗೆ ತರಬೇತಿ. ಎಲ್ಲವೂ ನಮ್ಮ ತೆರಿಗೆ ದುಡ್ಡೇ.

ಬೆಂಗಳೂರಿನಲ್ಲಿ ದಂಡಕ್ಕೇನೂ ಕೊರತೆಯಿಲ್ಲ. ಕಸ ನಿರ್ವಹಣೆಯ ಬೈಲಾ 2020ರಲ್ಲೇ ಬಂದಿದೆ. ಕಸ ಎಸೆಯುವವರನ್ನು ಹಿಡಿದು ದಂಡ ಹಾಕುವ ಮಾರ್ಷಲ್‌ಗಳು 2019ರಲ್ಲೇ ಬೀದಿಗಿಳಿದರು. ಅವರ ಸಂಬಳ ತಿಂಗಳು ತಿಂಗಳು ಕೊಡಬೇಕು, ದಂಡ ವಸೂಲಾಗಲಿ ಬಿಡಲಿ.

ನಮ್ಮ ಟ್ರಾನ್ಸ್‌ಫಾರ್ಮರ್ ಪಕ್ಕದ ಜಾಗ ನೋಡಿ. ಬೆಳಿಗ್ಗೆ ಪೌರಕಾರ್ಮಿಕರು ಗುಡಿಸಿ ಹೋಗುತ್ತಾರೆ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಸ್ಕೂಟರ್‌ಗಳು ಅಲ್ಲಿ ನಿಧಾನ ಮಾಡುತ್ತವೆ, ಗಂಟು ಕಟ್ಟಿದ ಕವರ್ ಬೀಳುತ್ತದೆ, ಗಾಡಿ ನಿಲ್ಲುವುದೇ ಇಲ್ಲ. ನಾಯಿಗಳು ಎಳೆದಾಡಿದ್ದನ್ನು ಮರುದಿನ ಆ ಹೆಂಗಸರು ಕೈಯಲ್ಲಿ ಬಾಚಬೇಕು. ನೋಡಿದರೆ ಸಂಕಟವಾಗುತ್ತದೆ. ಆ ಹೊತ್ತಿನಲ್ಲಿ ಹಿಡಿಯುವವರೇ ಇಲ್ಲದಿದ್ದರೆ ದಂಡ ಐನೂರಾದರೇನು, ಐದು ಸಾವಿರವಾದರೇನು?

ಎಸೆಯುವವರಲ್ಲಿ ಹಲವರು ಮನೆ ಕಸ ಒಯ್ಯುವ ಆಟೋ ಟಿಪ್ಪರ್ ಬರುವ ಮುಂಚೆಯೇ ಕೆಲಸಕ್ಕೆ ಹೊರಡುವವರು. ತಪ್ಪು ತಪ್ಪೇ, ಆದರೆ ಅವರು ಕಸ ಕೊಡುವುದಾದರೂ ಯಾರಿಗೆ?

ಹಾಗಾಗಿ ಅರ್ಜಿಯಲ್ಲಿ ಮೂರು ವಿಷಯ ಕೇಳೋಣ: ಸಂಜೆ ಒಂದು ಸಲ ಟಿಪ್ಪರ್, ಆ ಮೂಲೆಗೆ ಒಂದು ದೀಪ ಮತ್ತು ಕ್ಯಾಮೆರಾ, ರಾತ್ರಿ ಪಾಳಿಗೆ ಮಾರ್ಷಲ್. ಒಪ್ಪಿಗೆ ಇರುವವರು, ಇಲ್ಲದವರು ಇಬ್ಬರೂ ಶನಿವಾರದೊಳಗೆ ಇಲ್ಲೇ ಬರೆಯಿರಿ. ಭಾನುವಾರ ಅರ್ಜಿ ತಿದ್ದಿ ಕೊಡೋಣ.