ರೌಂಡ್ಸಿನಲ್ಲಿ ಕೇಳದೆ ಉಳಿಯುವ ಪ್ರಶ್ನೆ

ಮಾಟುಂಗಾ, ಮುಂಬಯಿ

ಚಿರಂಜೀವಿ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬದುಕುವ ಆಸೆ ಕಳೆದುಕೊಂಡ ರೋಗಿಯೊಬ್ಬರು "ಯಾವ ಪಾಪಕ್ಕೆ ಈ ಶಿಕ್ಷೆ, ಡಾಕ್ಟರೇ?" ಎಂದಾಗ ನೀನು ಏನೂ ತೋಚದೆ ರಕ್ತಪರೀಕ್ಷೆಯ ಮಾತಿಗೆ ಹೊರಳಿದ್ದನ್ನು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕಾಗಿ ಈ ಪತ್ರ. ಪರೇಲಿನ ವಾರ್ಡುಗಳಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದ ನಾನು ಈ ಜಾರಿಕೆಯನ್ನು ಹೆಸರಾಂತ ವೈದ್ಯರಲ್ಲೂ ಕಂಡಿದ್ದೇನೆ.

ಸಮಯವಿಲ್ಲ ಎಂಬ ಕಾರಣವನ್ನು ಒಪಿಡಿಯ ಸಾಲು ನೋಡಿದ ಯಾರೂ ಸುಳ್ಳೆನ್ನಲಾರರು. ಆದರೆ ಔಷಧ ಬರೆಯಲು ಬಾರದ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಬಗೆಯನ್ನು ನಿಮಗೆ ಕಲಿಸಿದವರು ಯಾರು? ಬಾಸ್ಟನ್ನಿನ ಕ್ಯಾನ್ಸರ್ ಕೇಂದ್ರಗಳ ವೈದ್ಯರು ಮತ್ತು ದಾದಿಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೂ ರೋಗಿಯ ಇಂಥ ಅಧ್ಯಾತ್ಮದ ಸಂಕಟಕ್ಕೆ ಕಿವಿಗೊಡುವ ಆರೈಕೆ ಅಪರೂಪವಾಗಲು ತರಬೇತಿಯ ಕೊರತೆಯನ್ನೇ ಮುಖ್ಯವಾಗಿ ಗುರುತಿಸಿತು. ಧರ್ಮದ ವಿಷಯಕ್ಕೆ ಕೈಹಾಕಿದಂತಾದೀತೆಂಬ ಅಳುಕು ಇನ್ನೊಂದು. ಗುಣಪಡಿಸಲಾಗದವರ ಮುಂದೆ ನಿಂತಾಗ ತನ್ನ ವಿದ್ಯೆಯೇ ಸೋತಿತೆಂದು ಅನ್ನಿಸುವುದೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

1967ರಲ್ಲಿ ಲಂಡನ್ನಿನಲ್ಲಿ ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಡಾಕ್ಟರಾಗುವ ಮೊದಲು ನರ್ಸ್ ಆಗಿದ್ದವರು (ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ), ದೇಹ, ಮನಸ್ಸು, ಸಂಸಾರ ಮತ್ತು ಅಧ್ಯಾತ್ಮದ ಸಂಕಟಗಳೆಲ್ಲ ಸೇರಿಯೇ ರೋಗಿಯ ನೋವು ಎಂದು ತೋರಿಸಿಕೊಟ್ಟರು. ನಮ್ಮ ಬಾಂದ್ರಾದಲ್ಲಿಯೂ 1986ರಿಂದ ಶಾಂತಿ ಅವೇದನಾ ಸದನವೆಂಬ ಹಾಸ್ಪಿಸ್ ಇದೆ. ಮಾರ್ಫಿನ್ ಹೆಚ್ಚಿಸಿದರೂ ಇಳಿಯದ ನೋವಿನ ಹಿಂದೆ ತೀರಿಸದ ಹರಕೆಯ ಭಯವೋ, ಮಾತುಬಿಟ್ಟ ತಮ್ಮನ ನೆನಪೋ, ಊರಿನ ಮಣ್ಣು ಸಿಗದೆ ಇಲ್ಲೇ ಸಾಯುವೆನೆಂಬ ದಿಗಿಲೋ ಇರಬಹುದು. ದೇವರನ್ನು ನಂಬದವರಿಗೂ ತಮ್ಮ ಬಾಳಿಗೆ ಏನು ಅರ್ಥವಿತ್ತೆಂಬ ಚಿಂತೆ ತಪ್ಪಿದ್ದಲ್ಲ.

ಉತ್ತರ ಕೊಡುವುದು ನಿನ್ನ ಹೊಣೆಯೆಂದು ತಿಳಿಯಬೇಡ. "ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಏನು? ನಿಮಗೆ ಧೈರ್ಯ ಕೊಡುವುದು ಯಾವುದು?" ಎಂದು ಕುಳಿತುಕೊಂಡು ಕೇಳು, ನಿಂತು ಕೇಳಿದರೆ ರೋಗಿ ಚುಟುಕಾಗಿ ಮುಗಿಸುತ್ತಾರೆ. ಪೂರ್ವಜನ್ಮದ ಕರ್ಮವೆಂದಾಗಲಿ, ಎಲ್ಲ ಸರಿಹೋಗುತ್ತದೆಂದಾಗಲಿ ಹೇಳಬೇಡ. ನಿನ್ನ ನಂಬಿಕೆ ಮಂಚದ ಬಳಿ ಬರಕೂಡದು. ಕಣ್ಣೀರು ಬಂದರೆ ಬರಲಿ. ಅವರು ಮೌಲ್ವಿಯನ್ನೋ ಪಾದ್ರಿಯನ್ನೋ ಭಟ್ಟರನ್ನೋ ಬಯಸಿದರೆ ಕರೆಸುವ ಏರ್ಪಾಡು ಮಾಡು. ಬಿಹಾರದಿಂದಲೋ ಬಂಗಾಳದಿಂದಲೋ ಬಂದವರ ಭಾಷೆ ನಿನಗೆ ಎಟುಕದಿದ್ದರೆ ಆ ಮಾತು ಬಲ್ಲ ಸಮಾಜಸೇವಕರನ್ನು ಜೊತೆಗಿರಿಸಿಕೋ. ಕೇಳಿ ತಿಳಿದದ್ದನ್ನು, ಅವರು ಒಪ್ಪಿದಷ್ಟು ಮಾತ್ರ, ಕೇಸ್ ಪೇಪರಿನಲ್ಲಿ ಒಂದು ಸಾಲು ಬರೆದಿಡು, ರಾತ್ರಿ ಪಾಳಿಯ ಸಿಸ್ಟರಿಗೂ ಅದು ಬೇಕಾಗುತ್ತದೆ.

ಇಂತು,
ನಿನ್ನ ದೊಡ್ಡಮ್ಮ