ಹಳೆಯ ಗೇಮ್ ಯಂತ್ರಗಳ ಪ್ರದರ್ಶನ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಭಾನುವಾರ ಕಾಸರಗೋಡಿನಲ್ಲಿ ನಡೆಯುವ ಪ್ರದರ್ಶನಕ್ಕೆ ಯಂತ್ರ ತರುವವರು, ಅದರ ಆಟವು ಯಂತ್ರದೊಳಗೇ ಅಡಕವಾಗಿದೆಯೋ ಅಥವಾ ಪೆಟ್ಟಿಗೆಯ ಜೊತೆಗೆ ಕಾರ್ಟ್ರಿಜ್ (ಯಂತ್ರದ ಸಂದಿಗೆ ಸಿಕ್ಕಿಸುವ, ಆಟ ತುಂಬಿದ ಸಣ್ಣ ಡಬ್ಬಿ) ಆಗಿ ಬಂದಿತ್ತೋ ಎಂಬುದನ್ನು ಚೀಟಿಯಲ್ಲಿ ತಪ್ಪದೆ ನಮೂದಿಸಬೇಕಾಗಿ ವಿನಂತಿ. ಅಟಾರಿ 2600ರ ಜೊತೆ ಬಂದ ‘ಕಾಂಬ್ಯಾಟ್’, 1989ರ ಗೇಮ್ ಬಾಯ್ ಜೊತೆ ಅಮೆರಿಕದಲ್ಲಿ ಕೊಟ್ಟ ‘ಟೆಟ್ರಿಸ್’ ಎರಡನೆಯ ಬಗೆಯವು. 1982ರ ವೆಕ್ಟ್ರೆಕ್ಸ್‌ನ ‘ಮೈನ್ ಸ್ಟಾರ್ಮ್’ ಮೊದಲನೆಯದು.

ಸೆಗಾ ಮಾಸ್ಟರ್ ಸಿಸ್ಟಮ್ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯಕರ. ಅದರ ಆರಂಭದ ಮಾದರಿಗಳಲ್ಲಿ ಕಾರ್ಟ್ರಿಜ್, ಆಟದ ಕಾರ್ಡ್ ಯಾವುದನ್ನೂ ಹಾಕದೆ ಚಾಲೂ ಮಾಡಿ, ಮೇಲ್ಮುಖ ಗುಂಡಿಯನ್ನೂ 1, 2ನೆಯ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಬಸವನಹುಳುವಿನ ಚಕ್ರವ್ಯೂಹದ ಆಟವೊಂದು ತೆರೆದುಕೊಳ್ಳುತ್ತದೆ. ಮುಂದೆ ಬಂದ ಮಾಸ್ಟರ್ ಸಿಸ್ಟಮ್ 2ರಲ್ಲಿ ‘ಅಲೆಕ್ಸ್ ಕಿಡ್’ ಅಡಕವಾಗಿತ್ತು, ಕೆಲವದರಲ್ಲಿ ‘ಸೋನಿಕ್’. ಗಲ್ಫಿನಿಂದ ಬಂದ ಯಂತ್ರಗಳು ಅಟ್ಟದಲ್ಲಿರುವವರು ಇದನ್ನು ಪರೀಕ್ಷಿಸಿ ತಿಳಿಸಿದರೆ ಸಂತೋಷ.

ನಮ್ಮ ಮಳೆಗಾಲದ ತೇವಕ್ಕೆ ಕಾರ್ಟ್ರಿಜ್‌ನ ಲೋಹದ ಹಲ್ಲುಗಳು ಬೇಗ ಕಪ್ಪಾಗುತ್ತವೆ. ಒಳಗಿನ ಆಟ ಸರಿಯಾಗಿ ಓಡುತ್ತಿದ್ದು ಕಾರ್ಟ್ರಿಜ್ ಮಾತ್ರ ಓಡದಿದ್ದರೆ, ದೋಷ ಬಹುಮಟ್ಟಿಗೆ ಆ ಹಲ್ಲುಗಳಲ್ಲೋ ಅವು ಕೂರುವ ಸಂದಿಯಲ್ಲೋ ಇರುತ್ತದೆ. ದಯವಿಟ್ಟು ಬಾಯಿಯಿಂದ ಊದಬೇಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ನಂತರವೇ ಹಾಕಿ.

‘9999 ಆಟಗಳು’ ಎಂದು ಬರೆದ ಅಗ್ಗದ ನಕಲಿ ಯಂತ್ರಗಳಿಗೂ ಸ್ವಾಗತವಿದೆ. ಆದರೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿ ಮರುಕಳಿಸುವುದರಿಂದ, ಚೀಟಿಯಲ್ಲಿ ಆ ಸಂಖ್ಯೆಯನ್ನು ಬರೆಯುವುದು ಬೇಡ.